ಅಪ್‌ಡೇಟ್: ರಿಸ್ಕ್ ಬೋರ್ಡ್ ಆಟದಲ್ಲಿ ಸೋತವರ ಕಾರ್ಡ್ ಸಿಕ್ಕಾಗ

ಎದುರಾಳಿಯ ಕೊನೆಯ ಸೈನ್ಯವನ್ನು ಸೋಲಿಸಿ ಅವರ 4 ಕಾರ್ಡ್ ಬಂತು, ನನ್ನ 3 ಸೇರಿ 7 ಆಯ್ತು. ಸೆಟ್ (ಹೊಂದುವ 3 ಕಾರ್ಡ್, ಕೊಟ್ಟರೆ ಹೆಚ್ಚುವರಿ ಸೈನ್ಯ ಸಿಗುತ್ತೆ) ಯಾವಾಗ ಕೊಡಬೇಕು ಅಂತ ಇಲ್ಲಿ ಕೇಳಿದ್ದೆ, ಮೂರು ಥರ ಸಲಹೆ ಬಂತು. ರೂಲ್ ಬುಕ್ ತೆಗೆದು ನೋಡಿದ್ವಿ. "6 ಅಥವಾ ಹೆಚ್ಚಾದರೆ ತಕ್ಷಣ ಕೊಡಿ" ಅಂದವರ ಮಾತೇ ಸರಿ, ತುಂಬಾ ಥ್ಯಾಂಕ್ಸ್. ಒಂದು ಸೆಟ್ ಕೊಟ್ಟರೆ 4 ಉಳಿಯುತ್ತೆ, ಅಲ್ಲಿಗೆ ನಿಲ್ಲಿಸಲೇಬೇಕು. ಆ ನಾಲ್ಕರಲ್ಲಿ ಇನ್ನೊಂದು ಸೆಟ್ ಇದ್ದರೂ ಮುಟ್ಟುವ ಹಾಗಿಲ್ಲ. ಹಾಗಾಗಿ "ಎಲ್ಲ ಸೆಟ್ ಒಟ್ಟಿಗೆ ಇಳಿಸಿ" ಅನ್ನೋ ಸಲಹೆ ನಡೆಯಲ್ಲ. "ಮುಂದಿನ ಸರದಿವರೆಗೆ ಕಾಯಿರಿ" ಅನ್ನೋದು ಒಟ್ಟು 5 ಅಥವಾ ಕಡಿಮೆ ಇದ್ದಾಗ ಮಾತ್ರ.

ಹೊಸದಾಗಿ ಗೊತ್ತಾಗಿದ್ದು: ಸರದಿಯ ಕೊನೆಗೆ ಎಳೆದ ಕಾರ್ಡಿನಿಂದ 6 ಆದರೆ ಆಗಲೇ ಕೊಡೋ ಹಾಗಿಲ್ಲ, ಮುಂದಿನ ಸರದಿ ಶುರುವಾಗಬೇಕು. ದಾಳಿಯ ಮಧ್ಯೆ ಸೆಟ್ ಕೊಟ್ಟು ಸಿಕ್ಕ ಸೈನ್ಯವನ್ನಾದರೆ ಕೂಡಲೇ ಗಡಿಯಲ್ಲಿಟ್ಟು ದಾಳಿ ಮುಂದುವರಿಸಬಹುದು.