ಯುದ್ಧ ಮುಗಿದ ಮೇಲೂ ನಮ್ಮ ತಂದೆಯವರು ಒಂದು ವರ್ಷ ಊರಿಗೆ ಬರಲಿಲ್ಲವೇಕೆ?

ಪ್ರಶ್ನೆ (ಮರ್ಫಿಟೌನ್, ಬೆಂಗಳೂರು):
ಸೇನೆಯ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದ ನಮ್ಮ ತಂದೆಯವರು ಕಳೆದ ವರ್ಷ ತೀರಿಕೊಂಡರು. ವರ್ಷದ ತಿಥಿಗೆ ಬರುವ ಬಂಧುಗಳಿಗೆ ಕೊಡಲು ಅವರ ಬದುಕನ್ನು ಕುರಿತ ಸಣ್ಣ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. 1971ರ ಯುದ್ಧದ ಬಗ್ಗೆ ಅವರು ಮನೆಯಲ್ಲಿ ಎಂದೂ ಬಾಯಿ ಬಿಟ್ಟವರಲ್ಲ. ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್, ಪಶ್ಚಿಮಿ ಸ್ಟಾರ್ ಪದಕ ಮತ್ತು ಅಮ್ಮನಿಗೆ ಬರೆದ ಹನ್ನೊಂದು ಇನ್‌ಲ್ಯಾಂಡ್ ಪತ್ರಗಳು ಸಿಕ್ಕಿವೆ. ಪತ್ರಗಳಲ್ಲಿ ಊರಿನ ಹೆಸರಿಲ್ಲ, ‘56 ಎ.ಪಿ.ಒ.’ ಎಂದಷ್ಟೇ ಇದೆ. ಯುದ್ಧ ಎರಡು ವಾರದಲ್ಲಿ ಮುಗಿಯಿತೆಂದು ರೇಡಿಯೋದಲ್ಲಿ ಕೇಳಿದ ಅಮ್ಮ ದಿನವೂ ದಾರಿ ಕಾದರೂ, ತಂದೆಯವರು ಬಂದದ್ದು 1973ರ ಸಂಕ್ರಾಂತಿಗೆ. ಆ ಒಂದು ವರ್ಷ ಅವರು ಏನು ಮಾಡುತ್ತಿದ್ದರೆಂದು ತಿಳಿಯದೆ ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ (ನಿವೃತ್ತ ಸುಬೇದಾರ್, ಹಲಸೂರು):
ತಮ್ಮ ತಂದೆಯವರಿಗೆ ನನ್ನ ಸಲ್ಯೂಟ್. 56 ಎ.ಪಿ.ಒ. ಎನ್ನುವುದು ತುಕಡಿ ಇರುವ ಜಾಗ ಹೊರಗೆ ತಿಳಿಯಬಾರದೆಂದು ಬಳಸುವ ಸೇನಾ ಅಂಚೆಯ ವಿಳಾಸ. ಪಶ್ಚಿಮಿ ಸ್ಟಾರ್ ಇರುವುದರಿಂದ ಅವರು ಪಶ್ಚಿಮ ರಂಗದಲ್ಲಿದ್ದರು. ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟರು. ಪಶ್ಚಿಮದಲ್ಲಿ ಡಿಸೆಂಬರ್ 17ರ ಸಂಜೆ ಕದನವಿರಾಮವಾಯಿತು. ಆದರೆ ನೆಲಬಾಂಬುಗಳಿಗೆ ಕದನವಿರಾಮ ಗೊತ್ತಾಗುವುದಿಲ್ಲ. ಪಾಕಿಸ್ತಾನದ ಶಕರ್‌ಗಢ ಪ್ರದೇಶದ ಬಸಂತರ್ ನದಿಯ ದಂಡೆಯಲ್ಲಿ ನಮ್ಮ 9ನೇ ಎಂಜಿನಿಯರ್ ರೆಜಿಮೆಂಟಿನ ತಂಬಿಗಳು (ಮದ್ರಾಸ್ ಸ್ಯಾಪರ್‌ಗಳನ್ನು ಕರೆಯುವುದೇ ಹಾಗೆ) ಗುಂಡಿನ ಮಳೆಯಲ್ಲೇ ನೆಲಬಾಂಬುಗಳ ನಡುವೆ ಟ್ಯಾಂಕುಗಳಿಗೆ ದಾರಿ ಬಿಡಿಸಿಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಆಮೇಲೆ ರೈತರು ಮತ್ತೆ ಉಳಬೇಕಾದ ಹೊಲಗಳಲ್ಲಿ ಮಂಡಿಯೂರಿ, ಸಲಾಕೆಯಿಂದ ನೆಲವನ್ನು ಓರೆಯಾಗಿ ಚುಚ್ಚುತ್ತಾ, ಅಂಗುಲ ಅಂಗುಲವಾಗಿ ಮುಂದೆ ಸರಿದ ಸ್ಯಾಪರ್‌ಗಳನ್ನು ಯಾರೂ ನೆನೆಯುವುದಿಲ್ಲ. ಸಿಮ್ಲಾ ಒಪ್ಪಂದ ಆದದ್ದು 1972ರ ಜುಲೈನಲ್ಲಿ, ಸೇನೆಗಳು ಹಿಂದೆ ಸರಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಸಂಕ್ರಾಂತಿಯ ಲೆಕ್ಕ ಇದಕ್ಕೆ ಹೊಂದುತ್ತದೆ. ಆದರೂ ಊಹೆಯ ಮೇಲೆ ಬರೆಯಬೇಡಿ. ಡಿಸ್ಚಾರ್ಜ್ ಬುಕ್ಕಿನಲ್ಲಿರುವ ಸರ್ವಿಸ್ ನಂಬರನ್ನೂ ಮರಣ ಪ್ರಮಾಣಪತ್ರವನ್ನೂ ಇಟ್ಟು ಬೆಂಗಳೂರಿನಲ್ಲೇ ಇರುವ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸ್) ರೆಕಾರ್ಡ್ ಆಫೀಸಿಗೆ ಅರ್ಜಿ ಬರೆದು, ಅವರು ಯಾವ ರೆಜಿಮೆಂಟಿನಲ್ಲಿದ್ದರೆಂದು ಕೇಳಿ.

ಉತ್ತರ (ಯೋಧರೊಬ್ಬರ ಮಗಳು, ಜಾಲಹಳ್ಳಿ):
ತಾಯಿಯವರ ಮಾತುಗಳನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಗಂಡನ ಪತ್ರ ಬಾರದ ವಾರಗಳಲ್ಲಿ ಮನೆಯನ್ನು ಹೇಗೆ ನಡೆಸಿದರು, ಮನಿಯಾರ್ಡರ್ ತಡವಾದಾಗ ಯಾರ ಬಳಿ ಕೈಸಾಲ ಕೇಳಿದರು ಎಂಬುದು ಯಾವ ಕಡತದಲ್ಲೂ ಸಿಗುವುದಿಲ್ಲ. ನಾನು ನನ್ನ ತಾಯಿಯನ್ನು ಕೇಳಲು ತಡಮಾಡಿದೆ, ಆ ನೋವು ಇನ್ನೂ ಹೋಗಿಲ್ಲ.

ಪ್ರಶ್ನೆ ಕೇಳಿದವರು:
ಸುಬೇದಾರ್ ಸಾಹೇಬರೇ, ತಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಹಿತ್ತಲಲ್ಲಿ ಗಿಡ ನೆಡುವಾಗ ತಂದೆಯವರು ಗುದ್ದಲಿ ಹಾಕುವ ಮೊದಲು ತೆಳುವಾದ ಕಂಬಿಯೊಂದನ್ನು ನೆಲಕ್ಕೆ ಓರೆಯಾಗಿ ಚುಚ್ಚಿ ನೋಡುತ್ತಿದ್ದರು. ಕಲ್ಲು ಹುಡುಕುತ್ತಿದ್ದಾರೆಂದೇ ನಾವೆಲ್ಲ ತಿಳಿದಿದ್ದೆವು. ಅಮ್ಮ ಏನೂ ಮಾತಾಡದೆ ಎದ್ದು ಹೋಗಿ, ಸೂರಿನಡಿ ಸಿಕ್ಕಿಸಿದ್ದ ಆ ಕಂಬಿಯನ್ನು ತಂದು ಪದಕದ ಪಕ್ಕದಲ್ಲಿಟ್ಟರು. ಅರ್ಜಿಯನ್ನು ಸೋಮವಾರ ಕೊಡುತ್ತೇನೆ.