ಸೊಪ್ಪಿನ ಬೆಟ್ಟದಲ್ಲಿ ಮುಸಿಯ ಸತ್ತಿದೆ: ಹೂಳುವುದೋ, ಹೇಳುವುದೋ?

ತೋಟದಮನೆ:
ನಮ್ಮದು ಹೊಸನಗರ ತಾಲ್ಲೂಕು. ನಿನ್ನೆ ಸಂಜೆ ದನ ಹೊಡೆದುಕೊಂಡು ಬರುವಾಗ ಮನೆ ಮೇಲಿನ, ಸೊಪ್ಪು-ದರಗು ತರುವ ಸೊಪ್ಪಿನ ಬೆಟ್ಟದಲ್ಲಿ ಒಂದು ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿಲ್ಲ, ಹತ್ತಿರದಲ್ಲಿ ಕರೆಂಟು ತಂತಿಯೂ ಇಲ್ಲ. ಪಕ್ಕದ ಮನೆಯ ಹಿರಿಯರು, ‘ಸುಮ್ಮನೆ ಗುಂಡಿ ತೆಗೆದು ಹುಗಿದುಬಿಡು. ಇಲಾಖೆಗೆ ತಿಳಿಸಿದರೆ ಊರಿಗೇ ಮಂಗನ ಕಾಯಿಲೆಯ ಹೆಸರು ಬರುತ್ತದೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಈ ಕಡೆ ತಲೆ ಹಾಕುವುದಿಲ್ಲ’ ಎನ್ನುತ್ತಿದ್ದಾರೆ. ಕೊಯ್ಲು ಅರ್ಧವಷ್ಟೇ ಆಗಿದೆ, ಕೊಟ್ಟಿಗೆಗೆ ಹಾಸುವ ಒಣ ಎಲೆ, ಅಂದರೆ ದರಗು ಗುಡಿಸುವುದು ಶುರುವೇ ಆಗಿಲ್ಲ. ಏನು ಮಾಡಲಿ? ದನಗಳಿಗೂ ಈ ಕಾಯಿಲೆ ಬರುತ್ತದೆಯೇ?

ಕಾನುಮನೆ:
ಸೀಮೆಎಣ್ಣೆ ಸುರಿದು ಸುಟ್ಟುಬಿಡಿ. ಕಚೇರಿಗಳ ಸಹವಾಸ ಯಾಕೆ?

ನಿವೃತ್ತ ಪಶು ಪರೀಕ್ಷಕ:
ಕಾನುಮನೆಯವರೇ, ಸುಡುವುದು ಸರಿ. ಆದರೆ ಸುಡಬೇಕಾದವರು ಇವರಲ್ಲ, ಸುಡಬೇಕಾದ ಹೊತ್ತೂ ಇದಲ್ಲ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಗೆ ಕೈಹಾಕಿದ ಅರಣ್ಯ ಸಿಬ್ಬಂದಿಯೇ ಜ್ವರ ಹಿಡಿದು ಮಲಗಿದ್ದರು. ಬರಿಗೈಯಲ್ಲಿ ಮುಟ್ಟುವ ಯೋಚನೆಯನ್ನು ಮೊದಲು ಬಿಡಿ.

ತೋಟದಮನೆಯವರೇ, ಮಂಗ ಬದುಕಿದ್ದಾಗ ಈ ಕಾಯಿಲೆ ಹರಡುವ ಉಣುಗುಗಳು (ಉಣ್ಣೆಗಳು) ಅದರ ಮೈಮೇಲಿರುತ್ತವೆ. ಸತ್ತು ಮೈ ತಣ್ಣಗಾದ ಮೇಲೆ ಅವು ಅಲ್ಲೇ ನೆಲಕ್ಕಿಳಿದು ದರಗಿನಲ್ಲಿ ಸೇರಿಕೊಳ್ಳುತ್ತವೆ. ನೀವು ಮಂಗವನ್ನು ಹೂತರೂ ಉಣುಗು ಹೊರಗೇ ಉಳಿಯುತ್ತದೆ. ಮುಂದಿನ ವಾರ ಅದೇ ಜಾಗದಲ್ಲಿ ನಿಮ್ಮ ಮನೆಯವರು ದರಗು ಗುಡಿಸಲು ಕೂರುತ್ತಾರೆ.

ಕೆಲಸದಲ್ಲಿದ್ದಾಗ ಉಣುಗು ಹಿಡಿಯಲು ನಾವು ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಕಾಡಿನ ನೆಲದ ಮೇಲೆ ಎಳೆಯುತ್ತಾ ಹೋಗುತ್ತಿದ್ದೆವು. ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆ ತಿರುವಿ ನೋಡಬೇಕು. ಮೊದಲು ಏನೂ ಇಲ್ಲ ಎನ್ನಿಸುತ್ತದೆ. ಬಿಸಿಲಿಗೆ ಹಿಡಿದರೆ ಎಳ್ಳಿಗಿಂತ ಚಿಕ್ಕ ಕಂದು ಚುಕ್ಕೆಗಳು ನಿಧಾನವಾಗಿ ನಡೆಯುತ್ತಿರುತ್ತವೆ. ಮನುಷ್ಯರಿಗೆ ಕಾಯಿಲೆ ಹತ್ತಿಸುವುದು ಹೆಚ್ಚಾಗಿ ಈ ಮರಿ ಉಣುಗುಗಳೇ. ದನದ ಕಿವಿಯಲ್ಲಿ ಉಬ್ಬಿ ಕೂತಿರುವ ದೊಡ್ಡವಲ್ಲ. ಬಟ್ಟೆಗೆ ಹತ್ತಿದ ಉಣುಗುಗಳನ್ನು ಸೀಸೆಗೆ ಹಾಕಿ, ಜಾಗದ ಹೆಸರು ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು.

ಈಗಲೇ ಗ್ರಾಮ ಪಂಚಾಯಿತಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ನಡೆಯುತ್ತದೆ. ಅರಣ್ಯದವರು ಮತ್ತು ಪಶುವೈದ್ಯರು ಬರುತ್ತಾರೆ. ಅಂಗಾಂಗದ ಮಾದರಿ ತೆಗೆದ ಮೇಲೆ ಸುಡುವುದು, ಸುತ್ತಲಿನ ನೆಲಕ್ಕೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುವುದು ಅವರ ಕೆಲಸ. ಶವ ಕೊಳೆತರೆ ಪರೀಕ್ಷೆಗೆ ಒದಗುವುದಿಲ್ಲ, ಆದ್ದರಿಂದ ತಡ ಮಾಡಬೇಡಿ. ಸತ್ತ ಮಂಗಗಳಿಗೆಲ್ಲ ಇದೇ ಕಾಯಿಲೆ ಇರುತ್ತದೆ ಎಂದಲ್ಲ. ಅದನ್ನು ಹೇಳಬೇಕಾದದ್ದು ಶಿವಮೊಗ್ಗದ ಪ್ರಯೋಗಾಲಯ, ಪಕ್ಕದ ಮನೆಯ ಹಿರಿಯರಲ್ಲ.

ದನಗಳಿಗೆ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗು ರಕ್ತ ಕುಡಿದು ಬೆಳೆಯುವುದು ಅವುಗಳ ಮೈಮೇಲೆಯೇ. ಸದ್ಯಕ್ಕೆ ಆ ಬೆಟ್ಟಕ್ಕೆ ಹೊಡೆಯಬೇಡಿ. ಉಣುಗಿನ ಔಷಧವನ್ನು ಪಶುವೈದ್ಯರನ್ನು ಕೇಳಿ ಹಚ್ಚಿ. ಅಂಗಡಿಯವನು ಕೊಟ್ಟದ್ದನ್ನು ಕರೆಯುವ ಹಸುವಿಗೆ ಬಳಿದು, ಅದೇ ದಿನದ ಹಾಲನ್ನು ಡೈರಿಗೆ ಹಾಕುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ.

ಸಾಗರದ ಸೊಸೆ:
ಹೇಳುವುದು ಸುಲಭ ಸಾರ್. ನಮ್ಮ ಕಡೆ ಒಂದು ಮಂಗ ಸತ್ತ ಸುದ್ದಿ ಹಬ್ಬಿದ್ದಕ್ಕೇ ಆ ವರ್ಷ ಕೊನೆಗೌಡ ದುಪ್ಪಟ್ಟು ಕೂಲಿ ಕೇಳಿದ. ಲಸಿಕೆ ಹಾಕಿಸಿಕೊಂಡು ಹೋಗೋಣವೆಂದರೆ ಅದೂ ಇಲ್ಲವಲ್ಲ?

ನಿವೃತ್ತ ಪಶು ಪರೀಕ್ಷಕ:
ಕೂಲಿಯ ವಿಷಯ ನಿಜ, ತಂಗಿ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಳೆಯ ಲಸಿಕೆ 2022ರಲ್ಲಿ ನಿಂತಿತು. ಅದರ ಶಕ್ತಿಯೂ ಕುಗ್ಗಿತ್ತು. ಆದರೆ ಮುಚ್ಚಿಟ್ಟು ಕೆಲಸಕ್ಕೆ ಕರೆದರೆ ಮೊದಲು ಉಣುಗು ಕಚ್ಚುವುದು ಆ ಕೊನೆಗೌಡನಿಗೇ ಅಲ್ಲವೇ? ಅರಳಗೋಡು ನಿಮ್ಮ ತಾಲ್ಲೂಕಿನದೇ. 2019ರ ಆರಂಭದಲ್ಲಿ ಅಲ್ಲಿ ಈ ಕಾಯಿಲೆಗೆ ಹಲವರು ಬಲಿಯಾದದ್ದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಮೊದಲು ಬೆಳಕಿಗೆ ಬಂದದ್ದೇ ಮಂಗಗಳು ಸತ್ತು ಬೀಳತೊಡಗಿದ್ದರಿಂದ.

ಲಸಿಕೆ ಇಲ್ಲದಿರುವಾಗ ಉಳಿದಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ತುಂಬುತೋಳು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು. ಒಮ್ಮೆಲೇ ಜೋರು ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದೆ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬಾರದು. ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಇನ್ನೊಂದು, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆಯಾದವರ ಮನೆಗೆ ಹೋಗದೆ ದೂರವಿಡುವವರಿಗೆ ಇದನ್ನು ಹೇಳಿ.

ತೋಟದಮನೆ:
ಬೆಳಿಗ್ಗೆ ಆಶಾ ಕಾರ್ಯಕರ್ತೆಗೆ ಹೇಳಿದೆ. ಮಧ್ಯಾಹ್ನ ಜೀಪು ಬಂತು, ಮಾದರಿ ತೆಗೆದುಕೊಂಡು ಹೋದರು. ಫಲಿತಾಂಶ ಬರುವವರೆಗೆ ಬೆಟ್ಟಕ್ಕೆ ಹೋಗಬೇಡಿ ಎಂದಿದ್ದಾರೆ. ಕೊನೆಗೌಡನಿಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ‘ತೋಟಕ್ಕೆ ಬರುತ್ತೇನೆ, ಬೆಟ್ಟದ ದಾರಿಯಲ್ಲಿ ಬರುವುದಿಲ್ಲ, ಎಣ್ಣೆ ನೀವೇ ಕೊಡಿಸಬೇಕು’ ಎಂದ. ಪಕ್ಕದ ಮನೆಯ ಹಿರಿಯರು ಮಾತು ಬಿಟ್ಟಿದ್ದಾರೆ. ಈ ವರ್ಷ ಕೊಟ್ಟಿಗೆಗೆ ದರಗಿನ ಬದಲು ಏನು ಹಾಸಬಹುದು? ಭತ್ತದ ಹುಲ್ಲು ಮೇವಿಗೇ ಸಾಲದು.