ಬಳಸಿದ ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ಕಪಾಟಿನಲ್ಲಿ ವರ್ಷಗಳಿಂದ ಮಡಚಿಟ್ಟಿದ್ದ ನಲವತ್ತರಷ್ಟು ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಮಾರೋಣವೆಂದು ಹೊರಟಿದ್ದೇನೆ. ಮೊದಲ ವಾರ ಹನ್ನೆರಡು ಬಟ್ಟೆಗಳ ಚಿತ್ರ ಹಾಕಿದೆ. ಮಾರಾಟವಾದದ್ದು ಎರಡು; ಅವುಗಳಲ್ಲಿ ಒಂದು ಅಂಗಿ ಅಳತೆ ಸರಿಹೋಗಲಿಲ್ಲವೆಂದು ಹಿಂದಿರುಗಿ ಬಂತು. ಲೇಬಲ್ಲಿನಲ್ಲಿದ್ದ ಸೈಜನ್ನೇ ನಾನು ಬರೆದಿದ್ದೆ. ಎಲ್ಲಿ ತಪ್ಪಿದೆ?

ಉತ್ತರ: ಲೇಬಲ್ಲನ್ನು ನಂಬಿದ್ದರಲ್ಲೇ ತಪ್ಪಿದಿರಿ. ಅಂಗಡಿಯಲ್ಲಾದರೆ ಕೊಳ್ಳುವವರು ಬಟ್ಟೆಯನ್ನು ಮುಟ್ಟುತ್ತಾರೆ, ಹೊಲಿಗೆಯನ್ನು ಎಳೆದು ನೋಡುತ್ತಾರೆ, ಮೂಸುತ್ತಾರೆ, ಕನ್ನಡಿಯ ಮುಂದೆ ಮೈಗೆ ಹಿಡಿದುಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಇವೆಲ್ಲವನ್ನೂ ಅವರ ಪರವಾಗಿ ನೀವು ಮಾಡಿ, ಕಂಡದ್ದನ್ನು ಬರೆದು ತಿಳಿಸಬೇಕು. ಈ ವ್ಯಾಪಾರದಲ್ಲಿ ನನಗೆ ಹನ್ನೊಂದು ವರ್ಷಗಳಾದವು. ನನ್ನ ಬಳಿಗೆ ಹಿಂದಿರುಗಿದ ಪಾರ್ಸೆಲ್‌ಗಳಲ್ಲಿ ಹೆಚ್ಚಿನವು ಅಳತೆಯ ಕಾರಣಕ್ಕೇ ಬಂದಿವೆ.

ಒಂದು ಕಂಪನಿಯ ‘ಮೀಡಿಯಂ’ ಇನ್ನೊಂದು ಕಂಪನಿಯ ‘ಲಾರ್ಜ್’ಗೆ ಸಮನಾಗಿರಬಹುದು. ಒಂದೇ ಕಂಪನಿಯಲ್ಲಿಯೂ ದಶಕಗಳು ಕಳೆದಂತೆ ಅದೇ ಸಂಖ್ಯೆಯ ಉಡುಪು ದೊಡ್ಡದಾಗುತ್ತಾ ಹೋಗಿರುವುದುಂಟು. ಕೊಳ್ಳುವವರಿಗೆ ತಾವು ಸಣ್ಣಗಿದ್ದೇವೆಂಬ ಸಮಾಧಾನವಾಗಲೆಂದು ತಯಾರಕರು ಹಾಗೆ ಮಾಡುತ್ತಾರೆ. ಇದರ ಮೇಲೆ, ನಿಮ್ಮ ಬಟ್ಟೆ ಹಲವು ಸಲ ನೀರು ಕಂಡಿದೆ. ಹತ್ತಿ ಕುಗ್ಗಿರುತ್ತದೆ, ಹೆಣೆದ ಉಣ್ಣೆಯ ಸ್ವೆಟರ್ ನೇತುಹಾಕಿದ್ದರೆ ಉದ್ದಕ್ಕೆ ಜೋತಿರುತ್ತದೆ. ಆದ್ದರಿಂದ ಲೇಬಲ್ಲಿನ ಸೈಜು ಹೊಲಿದ ದಿನದ ಮಾತು. ಕೊಳ್ಳುವವರಿಗೆ ಬೇಕಾದದ್ದು ಇಂದಿನ ಅಳತೆ.

ಬಟ್ಟೆಯನ್ನು ಮೇಜಿನ ಮೇಲೆ ಸಮನಾಗಿ ಹಾಸಿ, ಗುಂಡಿಗಳನ್ನು ಹಾಕಿ, ಸುಕ್ಕನ್ನು ಸವರಿ ತೆಗೆದು, ಎಳೆಯದೆ ಅಳೆಯಿರಿ. ಅಂಗಿಗೆ ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದು ಕಂಕುಳಿನ ಹೊಲಿಗೆಯವರೆಗಿನ ಅಗಲ, ಹೆಗಲಿನ ಹೊಲಿಗೆಗಳ ನಡುವಿನ ಅಂತರ, ತೋಳಿನ ಉದ್ದ, ಕಾಲರ್ ಪಕ್ಕದ ಎತ್ತರದ ಬಿಂದುವಿನಿಂದ ಕೆಳಗಿನ ಅಂಚಿನವರೆಗಿನ ಉದ್ದ, ಇಷ್ಟಾದರೂ ಬೇಕು. ಪ್ಯಾಂಟಿಗೆ ಸೊಂಟದ ಅಗಲ, ತೊಡೆಯ ಅಗಲ, ಕವಲಿನಿಂದ ಸೊಂಟಪಟ್ಟಿಯವರೆಗಿನ ಎತ್ತರ, ಒಳಗಾಲಿನ ಉದ್ದ ಮತ್ತು ಕೆಳಬಾಯಿಯ ಅಗಲ. ಸೊಂಟವೊಂದನ್ನೇ ಬರೆದು ಕವಲಿನ ಎತ್ತರವನ್ನು ಬಿಡುವವರು ಬಹಳ ಮಂದಿ. ಪ್ಯಾಂಟು ಹೊಕ್ಕುಳಿನ ಬಳಿ ನಿಲ್ಲುತ್ತದೆಯೋ ಅದಕ್ಕಿಂತ ಎಷ್ಟು ಕೆಳಗೆ ನಿಲ್ಲುತ್ತದೆಯೋ ಎಂಬುದು ಆ ಎತ್ತರದಿಂದಲೇ ತಿಳಿಯುವುದರಿಂದ, ಅದು ಗೊತ್ತಿಲ್ಲದೆ ಸೊಂಟದ ಅಳತೆಗೆ ಅರ್ಥವೇ ಇಲ್ಲ.

‘ಎದೆ 52 ಸೆಂ.ಮೀ.’ ಎಂದಷ್ಟೇ ಬರೆದರೆ ಓದುವವರು ಅದನ್ನು ಸುತ್ತಳತೆಯೆಂದುಕೊಳ್ಳುತ್ತಾರೆ. ‘ಹಾಸಿ ಅಳೆದ ಅಗಲ 52 ಸೆಂ.ಮೀ., ಸುತ್ತಳತೆ 104 ಸೆಂ.ಮೀ., ಸುಮಾರು 41 ಇಂಚು’ ಎಂದು ಪೂರ್ತಿಯಾಗಿ ಬರೆಯಿರಿ. ಜೊತೆಗೆ, ತಮಗೆ ಚೆನ್ನಾಗಿ ಒಪ್ಪುವ ಒಂದು ಅಂಗಿಯನ್ನು ಹೀಗೆಯೇ ಹಾಸಿ ಅಳೆದು ಹೋಲಿಸಿ ನೋಡುವಂತೆ ಒಂದು ಸಾಲು ಸೇರಿಸಿ. ಈ ಒಂದು ಸಾಲಿನಿಂದ ತಪ್ಪಿದ ವಾಪಸಾತಿಗಳು ಕಡಿಮೆಯಲ್ಲ. ಬಟ್ಟೆಯ ಟೇಪು ವರ್ಷಗಳ ಬಳಕೆಯಿಂದ ತಾನೇ ಹಿಗ್ಗಿರುತ್ತದೆ ಎಂಬುದೂ ನೆನಪಿರಲಿ. ನಿಮ್ಮ ಟೇಪನ್ನು ಒಮ್ಮೆ ಸ್ಟೀಲಿನ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ನಾನು ಇನ್ನೊಬ್ಬ ಸದಸ್ಯ. ಕಾಲರ್ ಬಳಿ ಸಣ್ಣ ಕಲೆಯಿರುವ ಕೋಟು ಒಂದಿದೆ. ಕಲೆಯ ಚಿತ್ರ ಹಾಕಿದರೆ ಯಾರೂ ಕೊಳ್ಳಲಾರರು, ಹಾಕದಿದ್ದರೆ ಜಗಳವಾಗುತ್ತದೆ. ಏನು ಮಾಡಲಿ ಮೇಡಂ?

ಉತ್ತರ: ಹಾಕಿ. ಇಬೇ ತಾಣವನ್ನು 1995ರಲ್ಲಿ ಆರಂಭಿಸಿದ ಪಿಯರ್ ಒಮಿಡ್ಯಾರ್ ಅವರು ಅಲ್ಲಿ ಮೊದಲು ಮಾರಿದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದು ಕೆಟ್ಟಿದೆಯೆಂಬುದು ಗೊತ್ತಿದೆಯೇ ಎಂದು ಅವರು ಕೊಂಡವರನ್ನು ಕೇಳಿದರಂತೆ. ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುತ್ತೇನೆಂಬ ಉತ್ತರ ಬಂತಂತೆ. ಕಲೆಯಾದ ಕಾಲರನ್ನು ಸಂಗ್ರಹಿಸುವವರು ನಿಮಗೆ ಸಿಗುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಕಾಲರನ್ನು ಬದಲಾಯಿಸಬಲ್ಲವರು, ಕೋಟಿನ ಬಟ್ಟೆಗಾಗಿಯೇ ಕೊಳ್ಳುವವರು, ಬೆಲೆ ಕಡಿಮೆಯಾದರೆ ಕಲೆಯನ್ನು ಲೆಕ್ಕಿಸದವರು ಇದ್ದೇ ಇರುತ್ತಾರೆ. ಮಾರಾಟವನ್ನು ಕೆಡಿಸುವುದು ದೋಷವಲ್ಲ, ಪಾರ್ಸೆಲ್ ಬಿಚ್ಚಿದಾಗ ಎದುರಾಗುವ ಅನಿರೀಕ್ಷಿತ.

ದೋಷವನ್ನು ಹುಡುಕುವುದೂ ಒಂದು ಕೆಲಸವೇ. ಬಟ್ಟೆಯನ್ನು ಕಿಟಕಿಗೆ ಅಡ್ಡವಾಗಿ ಹಿಡಿದರೆ ನುಸಿ ತಿಂದ ಸೂಜಿಮೊನೆಯಷ್ಟು ತೂತುಗಳು ಬೆಳಕಿನಲ್ಲಿ ಕಾಣುತ್ತವೆ. ಆಮೇಲೆ ಕಾಲರಿನ ಒಳಭಾಗ, ಕಫ್‌ಗಳ ಅಂಚು, ಕಂಕುಳು, ಮೊಣಕೈ, ಕವಲಿನ ಹೊಲಿಗೆ, ಜೇಬಿನ ತಳ, ಒಳಪದರ, ಕೆಳಅಂಚು, ಹೀಗೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ನೋಡಿದರೆ ಏನೂ ತಪ್ಪಿಹೋಗುವುದಿಲ್ಲ. ಜಿಪ್ಪನ್ನು ಹತ್ತು ಸಲ ಎಳೆದು ನೋಡಿ. ಕೃತಕ ಚರ್ಮದ ಜಾಕೆಟ್ಟಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು: ಅದರ ಮೇಲಿನ ಪಾಲಿಯುರೆಥೇನ್ ಲೇಪ ಗಾಳಿಯ ತೇವದಿಂದ ತಾನಾಗಿಯೇ ಶಿಥಿಲವಾಗುವುದರಿಂದ, ಒಮ್ಮೆಯೂ ತೊಡದೆ ಇಟ್ಟ ಜಾಕೆಟ್ ಕೂಡ ಕೆಲವು ವರ್ಷಗಳಲ್ಲಿ ಸಿಪ್ಪೆ ಏಳಬಹುದು. ಮಡಿಕೆ ಬಿದ್ದ ಕಡೆ ಬೆರಳಿನಿಂದ ಉಜ್ಜಿದಾಗ ಪುಡಿ ಬಂದರೆ ಅದನ್ನು ಮಾರಬೇಡಿ.

‘ಹೊಸದರಂತಿದೆ’ ಎಂಬ ಮಾತನ್ನು ನಾನು ಬಳಸುವುದನ್ನೇ ಬಿಟ್ಟಿದ್ದೇನೆ. ‘ಎರಡು ಸಲ ತೊಟ್ಟಿದ್ದು, ಬಲಗಫ್ಫಿನ ಒಳಗೆ 3 ಮಿ.ಮೀ. ಶಾಯಿಯ ಗುರುತು, ಆರನೆಯ ಚಿತ್ರ ನೋಡಿ’ ಎಂದರೆ ಓದುವವರ ಮನಸ್ಸಿನಲ್ಲಿ ಬಟ್ಟೆ ಮೂಡುತ್ತದೆ.

ಪ್ರಶ್ನೆ: ಮಾರುವ ಮೊದಲು ಎಲ್ಲವನ್ನೂ ಒಗೆಯಲೇಬೇಕೇ? ಹಳೆಯ ಬಟ್ಟೆಗಳ ಮುಗ್ಗಲು ವಾಸನೆಗೆ ಸುಗಂಧದ್ರವ್ಯ ಸಿಂಪಡಿಸಿದರೆ ಸಾಕಾಗುವುದಿಲ್ಲವೇ?

ಉತ್ತರ: ಸುಗಂಧದ್ರವ್ಯವನ್ನು ಖಂಡಿತ ಸಿಂಪಡಿಸಬೇಡಿ. ಎರಡು ವಾಸನೆಗಳು ಬೆರೆತು ಮೂರನೆಯದೊಂದು ಹುಟ್ಟುತ್ತದೆ. ಅಲ್ಲದೆ ಸುಗಂಧವೇ ಆಗದವರೂ ಇದ್ದಾರೆ. ಶುಚಿಯಾಗಿರದ ಬಟ್ಟೆಯನ್ನು ಕಳುಹಿಸಲೇಬಾರದು, ಆದರೆ ಒಗೆಯುವ ಮೊದಲು ಒಳಗಿನ ಲೇಬಲ್ಲನ್ನು ಓದಿ. ತೊಟ್ಟಿಯ ಚಿಹ್ನೆ ಒಗೆಯುವುದಕ್ಕೆ, ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ವೃತ್ತ ಡ್ರೈಕ್ಲೀನಿಂಗಿಗೆ ಸಂಬಂಧಿಸಿದ್ದು. ತೊಟ್ಟಿಯೊಳಗಿನ ಸಂಖ್ಯೆ ನೀರಿನ ಗರಿಷ್ಠ ಉಷ್ಣಾಂಶ.

ಉಣ್ಣೆಯೂ ರೇಷ್ಮೆಯೂ ಪ್ರೋಟೀನಿನ ನಾರುಗಳು. ಕಲೆ ತೆಗೆಯುವ ಅನೇಕ ಡಿಟರ್ಜೆಂಟ್‌ಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವಿರುತ್ತದೆ. ಅದು ಕಲೆಯನ್ನೂ ನಾರನ್ನೂ ಬೇರೆಬೇರೆಯಾಗಿ ಕಾಣುವುದಿಲ್ಲ. ಈ ಬಟ್ಟೆಗಳಿಗೆ ಅವುಗಳಿಗೆಂದೇ ಇರುವ ಸೌಮ್ಯ ದ್ರಾವಣವನ್ನು ಬಳಸಿ. ರಕ್ತದ ಕಲೆಗೆ ತಣ್ಣೀರು. ಬಿಸಿನೀರು ತಾಕಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ಬಿಳಿಯ ಹತ್ತಿ ಅಂಗಿಗಳ ಕಂಕುಳಿನಲ್ಲಿ ಕಾಣುವ ಹಳದಿ, ಬೆವರು ಮತ್ತು ಬೆವರುನಿರೋಧಕಗಳಲ್ಲಿನ ಅಲ್ಯೂಮಿನಿಯಂ ಲವಣಗಳು ಕೂಡಿ ಆಗುವಂಥದ್ದು. ಅದರ ಮೇಲೆ ಕ್ಲೋರಿನ್ ಬ್ಲೀಚ್ ಹಾಕಿದರೆ ಹಳದಿ ಇನ್ನೂ ಗಾಢವಾಗಬಹುದು. ಸೋಡಿಯಂ ಪರ್‌ಕಾರ್ಬೋನೇಟ್ ಇರುವ ಆಮ್ಲಜನಕ ಬ್ಲೀಚನ್ನು 40 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಾದ ನೀರಿನಲ್ಲಿ ಕಲಸಿ ಕೆಲವು ಗಂಟೆ ನೆನೆಸಿಟ್ಟರೆ ಬಹಳಷ್ಟು ಸಲ ಬಿಡುತ್ತದೆ. ಉಣ್ಣೆ, ರೇಷ್ಮೆಗಳಿಗೆ ಇದೂ ಬೇಡ.

ಪಾಲಿಯೆಸ್ಟರ್ ಒಂದು ಕಿರಿಕಿರಿ. ಅದು ನೀರನ್ನು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಒಗೆದಾಗ ಇಲ್ಲದ ವಾಸನೆ ತೊಟ್ಟ ಅರ್ಧ ಗಂಟೆಯಲ್ಲಿ ಮೈಯ ಬಿಸಿಗೆ ಮರಳಿ ಬರುತ್ತದೆ. ಆದ್ದರಿಂದ ವ್ಯಾಯಾಮದ ಉಡುಪುಗಳನ್ನು ಪರೀಕ್ಷಿಸುವಾಗ, ಕಂಕುಳಿನ ಭಾಗವನ್ನು ಅಂಗೈಯಲ್ಲಿ ಒಂದು ನಿಮಿಷ ಬೆಚ್ಚಗೆ ಹಿಡಿದು ಆಮೇಲೆ ಮೂಸಿ ನೋಡುತ್ತೇನೆ. ಇದು ಸೊಗಸಾದ ಕೆಲಸವೇನಲ್ಲ, ಆದರೆ ಕೊಂಡವರು ಮೂಸುವುದಕ್ಕಿಂತ ಮೊದಲು ನಾನು ಮೂಸುವುದು ಲೇಸು.

ಉಣ್ಣೆಯಲ್ಲಿ ನುಸಿಯ ಸಂಶಯವಿದ್ದರೆ, ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಕೂಡಲೇ ಚೀಲವನ್ನು ಬಿಚ್ಚಬೇಡಿ. ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಬಿಟ್ಟರೆ ಹನಿಗಟ್ಟುವ ನೀರು ಚೀಲದ ಹೊರಗೇ ಉಳಿಯುತ್ತದೆ.

ಪ್ರಶ್ನೆ: ಚಿತ್ರ ತೆಗೆಯಲು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಬೇಡ, ಫೋನು ಸಾಕು, ಕಿಟಕಿಯ ಪಕ್ಕದ ಹಗಲು ಬೆಳಕು ಬೇಕು. ಫ್ಲಾಷ್ ಹಾಕಿದರೆ ಕಪ್ಪು ಬೂದಾಗುತ್ತದೆ, ಹಳದಿ ದೀಪದಲ್ಲಿ ನೀಲಿ ಹಸಿರಿನತ್ತ ವಾಲುತ್ತದೆ. ಫಿಲ್ಟರುಗಳನ್ನು ಮುಟ್ಟಬೇಡಿ. ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನಿಟ್ಟರೆ ನೋಡುವವರ ಕಣ್ಣು ಬಣ್ಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ಬಟ್ಟೆ ಪೂರ್ತಿಯಾಗಿ ಕಾಣಲಿ, ಇಸ್ತ್ರಿಯಾಗಿರಲಿ. ಹಿಂಭಾಗ, ಲೇಬಲ್, ನೇಯ್ಗೆಯ ಹತ್ತಿರದ ನೋಟ ಮತ್ತು ದೋಷಗಳು ಅದರ ನಂತರ ಬರಲಿ.

ಪ್ರಶ್ನೆ: ಬೆಲೆ ಕಟ್ಟುವುದು ಹೇಗೆ? ನಾನು ಬೇರೆಯವರು ಹಾಕಿದ ಬೆಲೆಗಳನ್ನು ನೋಡಿ ಅವುಗಳ ಸರಾಸರಿ ಹಿಡಿದೆ, ಆದರೂ ಯಾರೂ ಕೇಳುತ್ತಿಲ್ಲ.

ಉತ್ತರ: ನೀವು ನೋಡಿದ್ದು ಇನ್ನೂ ಮಾರಾಟವಾಗದ ಬಟ್ಟೆಗಳ ಬೆಲೆಗಳನ್ನು. ಅವು ಮಾರುವವರ ಆಸೆಗಳು. ಹಲವು ತಾಣಗಳಲ್ಲಿ ‘ಮಾರಾಟವಾದವು’ ಎಂಬ ಆಯ್ಕೆಯಿರುತ್ತದೆ. ಅದನ್ನು ಒತ್ತಿ, ಅದೇ ಕಂಪನಿಯ ಅದೇ ಬಗೆಯ ಬಟ್ಟೆ ಇತ್ತೀಚೆಗೆ ಯಾವ ಬೆಲೆಗೆ ಹೋಗಿದೆಯೆಂದು ನೋಡಿ. ನೀವು ಮೊದಲು ಕೊಟ್ಟ ಹಣವನ್ನು ಮರೆತುಬಿಡಿ, ಕೊಳ್ಳುವವರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ಅನಂತರ ಕೈಗೆ ಉಳಿಯುವುದನ್ನು ಲೆಕ್ಕ ಹಾಕಿ. ಬೆಲೆ 100 ಎಂದಿಟ್ಟುಕೊಳ್ಳೋಣ. ತಾಣದ ಕಮಿಷನ್, ಹಣಪಾವತಿಯ ಶುಲ್ಕ, ಚೀಲ, ಅಂಟುಪಟ್ಟಿ, ಸಾಗಣೆಯನ್ನು ನೀವೇ ಹೊರುವುದಾದರೆ ಅದು, ಇವೆಲ್ಲವನ್ನೂ ಕಳೆದು ಉಳಿದದ್ದು ನೀವು ಒಗೆದು, ಅಳೆದು, ಚಿತ್ರ ತೆಗೆದ ಒಂದು ಗಂಟೆಗೆ ತಕ್ಕುದಾಗಿದೆಯೇ ಎಂದು ಕೇಳಿಕೊಳ್ಳಿ. ಅಗ್ಗದ ಟೀ ಶರ್ಟುಗಳನ್ನು ಒಂದೊಂದಾಗಿ ಮಾರುವುದು ಹೆಚ್ಚಾಗಿ ತಕ್ಕುದಾಗಿರುವುದಿಲ್ಲ. ಒಂದೇ ಅಳತೆಯ ಐದನ್ನು ಕಟ್ಟಾಗಿ ಕೊಡಿ.

ಸಾಗಣೆಯಲ್ಲಿ ಹೊಸಬರು ಮುಗ್ಗರಿಸುವುದು ತೂಕದ ಲೆಕ್ಕದಲ್ಲಿ. ಅನೇಕ ಕೊರಿಯರ್‌ಗಳು ಪಾರ್ಸೆಲ್ಲಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅಷ್ಟು ಕಿಲೋಗ್ರಾಂಗೆ ಹಣ ತೆಗೆದುಕೊಳ್ಳುತ್ತವೆ. 40, 30, 20 ಸೆಂ.ಮೀ. ಪೆಟ್ಟಿಗೆಯಲ್ಲಿ 900 ಗ್ರಾಂ ತೂಗುವ ಉಬ್ಬಿದ ಜಾಕೆಟ್ ಕಳುಹಿಸಿದರೆ, ಅದು ಅವರ ಲೆಕ್ಕದಲ್ಲಿ 4.8 ಕಿಲೋ. ನನ್ನ ಮೊದಲ ಚಳಿಗಾಲದ ಲಾಭವೆಲ್ಲ ಈ ಭಾಗಾಕಾರದಲ್ಲೇ ಹೋಯಿತು. ಬಟ್ಟೆಗೆ ಪೆಟ್ಟಿಗೆ ಬೇಕಿಲ್ಲ; ನೀರಿಳಿಯದ ಚೀಲದಲ್ಲಿ ಚಪ್ಪಟೆಯಾಗಿ ಮಡಚಿ ಕಳುಹಿಸಿ.

ಪ್ರಶ್ನೆ: ತಂದೆಯವರ ಹಳೆಯ ಲೀವೈಸ್ ಜೀನ್ಸ್ ಸಿಕ್ಕಿದೆ. ಅದಕ್ಕೆ ಹೆಚ್ಚಿನ ಬೆಲೆಯಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಒಗೆಯುವ ಮೊದಲು ಹಿಂಜೇಬಿನ ಕೆಂಪು ಪಟ್ಟಿಯನ್ನು ನೋಡಿ. ಅದರ ಮೇಲಿನ ಇಂಗ್ಲಿಷ್ ಹೆಸರಿನಲ್ಲಿ ‘ಇ’ ಅಕ್ಷರ ದೊಡ್ಡದಾಗಿದ್ದರೆ ಅದು 1971ಕ್ಕಿಂತ ಹಿಂದಿನದಾಗಿರಬಹುದು, ಆ ಸುಮಾರಿಗೆ ಕಂಪನಿ ಸಣ್ಣಕ್ಷರಕ್ಕೆ ಬದಲಾಯಿಸಿತು. ‘ಆಗಿರಬಹುದು’ ಎಂದದ್ದಕ್ಕೆ ಕಾರಣವಿದೆ: ಹಳೆಯ ಮಾದರಿಗಳನ್ನು ಕಂಪನಿಯೇ ಮರುತಯಾರಿಸಿ ದೊಡ್ಡ ‘ಇ’ ಹಾಕಿ ಮಾರಿದೆ, ನಕಲುಗಳೂ ಇವೆ. ಅಮೆರಿಕದಲ್ಲಿ ಉಡುಪಿಗೆ ಒಗೆಯುವ ಸೂಚನೆಯ ಲೇಬಲ್ ಕಡ್ಡಾಯವಾದದ್ದು 1972ರಲ್ಲಿ. ಹಾಗಾಗಿ ಒಳಗೆ ಅಂತಹ ಲೇಬಲ್ ಹೊಲಿದಿದ್ದು ಪಟ್ಟಿಯಲ್ಲಿ ದೊಡ್ಡ ‘ಇ’ ಇದ್ದರೆ ಸಂಶಯಪಡಬೇಕು. ಒಂದೇ ಗುರುತಿನಿಂದ ತೀರ್ಮಾನಿಸದೆ, ಎಲ್ಲ ಗುರುತುಗಳ ಚಿತ್ರ ಹಾಕಿ, ವರ್ಷವನ್ನು ನೀವು ಘೋಷಿಸದೆ ಬಿಡಿ. ಬ್ರ್ಯಾಂಡಿನ ಅಸಲಿತನ ನಿಮಗೇ ಖಚಿತವಿಲ್ಲದ ಯಾವ ವಸ್ತುವನ್ನೂ ಮಾರಬೇಡಿ. ನಕಲೆಂದು ಬರೆದು ಮಾರಿದರೂ ಕಾನೂನಿನ ತೊಡಕು ತಪ್ಪುವುದಿಲ್ಲ.

ಪ್ರಶ್ನೆ: ಒಬ್ಬರು ತಾಣದ ಹೊರಗೆ ಹಣ ಕೊಡುತ್ತೇನೆ, ಹೆಚ್ಚೇ ಕೊಡುತ್ತೇನೆ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಹೆಚ್ಚು ಹಣ ಕಳುಹಿಸಿದ್ದೇನೆ, ಉಳಿದದ್ದನ್ನು ಹಿಂತಿರುಗಿಸಿ ಎನ್ನುವುದು ಹಳೆಯ ಮೋಸ. ಮೊದಲಿನ ಹಣ ಬಂದೇ ಇರುವುದಿಲ್ಲ ಅಥವಾ ಕೆಲವು ದಿನಗಳಲ್ಲಿ ರದ್ದಾಗುತ್ತದೆ. ಹಣ ಪಡೆಯುವುದಕ್ಕೆ ನಿಮ್ಮ ಪಾಸ್‌ವರ್ಡ್ ಅಥವಾ ಓಟಿಪಿ ಯಾರಿಗೂ ಬೇಕಾಗಿಲ್ಲ. ಹಣ ಬಂದಿದೆಯೆಂಬ ಇಮೇಲನ್ನು ನೋಡಿ ಪಾರ್ಸೆಲ್ ಕಳುಹಿಸದೆ, ನಿಮ್ಮ ಖಾತೆಯನ್ನೇ ತೆರೆದು ನೋಡಿ.

ಪ್ರಶ್ನೆ: ಮೊದಲು ಕೇಳಿದವನೇ ಮತ್ತೆ ಬಂದೆ, ಮೇಡಂ. ಹಿಂದಿರುಗಿ ಬಂದ ಅಂಗಿಯನ್ನು ನೀವು ಹೇಳಿದಂತೆ ಹಾಸಿ ಅಳೆದೆ. ಲೇಬಲ್ಲಿನಲ್ಲಿ ‘ಲಾರ್ಜ್’ ಎಂದಿದೆ, ಆದರೆ ಅದೇ ಸೈಜಿನ ನನ್ನ ಇನ್ನೊಂದು ಅಂಗಿಗಿಂತ ಅಗಲದಲ್ಲಿ ಐದು ಸೆಂಟಿಮೀಟರ್ ಕಡಿಮೆಯಿದೆ. ಇದನ್ನು ಹಾಗೆಯೇ ಮತ್ತೆ ಹಾಕಬಹುದೇ?

ಉತ್ತರ: ಹಾಕಿ, ಆದರೆ ಹೊಸದಾಗಿ ಪರೀಕ್ಷಿಸಿದ ಮೇಲೆ. ಹೋಗಿ ಬಂದ ಬಟ್ಟೆಯಲ್ಲಿ ಕೂದಲು, ಕ್ರೀಮಿನ ಗುರುತು, ಸಡಿಲವಾದ ಗುಂಡಿ ಸೇರಿರಬಹುದು. ಹಿಂದಿರುಗಿದ್ದು ನೀವು ಕಳುಹಿಸಿದ ಅಂಗಿಯೇ ಎಂಬುದನ್ನೂ ಹಳೆಯ ಚಿತ್ರಗಳೊಂದಿಗೆ ಹೋಲಿಸಿಕೊಳ್ಳಿ. ಇನ್ನು ಮುಂದೆ ಪಾರ್ಸೆಲ್ ಕಟ್ಟುವಾಗ ಅರ್ಧ ನಿಮಿಷದ ವೀಡಿಯೊ ತೆಗೆದಿಟ್ಟರೆ ಇಂತಹ ಹೋಲಿಕೆ ಸುಲಭವಾಗುತ್ತದೆ. ಐದು ಸೆಂಟಿಮೀಟರ್ ಅಗಲವೆಂದರೆ ಸುತ್ತಳತೆಯಲ್ಲಿ ಹತ್ತು. ಬಹಳ ಕಂಪನಿಗಳಲ್ಲಿ ಅದು ಒಂದು ಪೂರ್ತಿ ಸೈಜಿನ ವ್ಯತ್ಯಾಸ. ಶೀರ್ಷಿಕೆಯಲ್ಲಿ ‘ಲೇಬಲ್ಲಿನಲ್ಲಿ ಲಾರ್ಜ್, ಮೀಡಿಯಂ ತೊಡುವವರಿಗೆ ಒಪ್ಪುತ್ತದೆ’ ಎಂದು ಬರೆದು, ಟೇಪಿನ ಅಂಕಿ ಕಾಣುವಂತೆ ತೆಗೆದ ಚಿತ್ರವನ್ನು ಎರಡನೆಯದಾಗಿ ಹಾಕಿ. ಉಳಿದ ಹತ್ತು ಬಟ್ಟೆಗಳನ್ನೂ ಇಂದೇ ಅಳೆದುಬಿಡಿ.